ಎಂಟು ಮೈಲಿ ರಸ್ತೆಯ ಆ ಬದಿ

ಅಮೆರಿಕದಲ್ಲಿ ಮಕ್ಕಳಿರುವ ಕುಟುಂಬವೊಂದು ಮನೆ ಕೊಳ್ಳಲು ಹೊರಟರೆ ದಲ್ಲಾಳಿಯನ್ನು ಮೊದಲು ಕೇಳುವುದು, ಈ ಮನೆ ಯಾವ ಶಾಲಾ ಜಿಲ್ಲೆಗೆ ಸೇರುತ್ತದೆ ಎಂದು. ಮನೆಯ ಜಾಹೀರಾತಿನಲ್ಲಿ ಕೋಣೆಗಳ ಸಂಖ್ಯೆಯ ಪಕ್ಕದಲ್ಲೇ ಹೈಸ್ಕೂಲಿನ ಹೆಸರೂ ಇರುತ್ತದೆ. ಒಂದೇ ರಸ್ತೆಯ ಎರಡು ಬದಿಗಳಲ್ಲಿರುವ, ಒಂದೇ ಅಳತೆಯ ಎರಡು ಮನೆಗಳಿಗೆ ಬೇರೆ ಬೇರೆ ಬೆಲೆ ಇರುವುದುಂಟು. ರಸ್ತೆಯ ನಡುವೆ ಶಾಲಾ ಜಿಲ್ಲೆಯ ಗಡಿ ಹಾದುಹೋಗಿರುವುದೇ ಅದಕ್ಕೆ ಕಾರಣ. ಹಿರಿಯ ಮಗ ಎಂಟನೇ ತರಗತಿ ಮುಗಿಸುವ ಹೊತ್ತಿಗೆ ಇದ್ದ ಮನೆ ಮಾರಿ, ಸಾಲ ಹೆಚ್ಚಿಸಿಕೊಂಡು, ಹತ್ತು ಮೈಲಿ ಆಚೆಯ ಇನ್ನೊಂದು ಉಪನಗರಕ್ಕೆ ಗಂಟುಮೂಟೆ ಕಟ್ಟುವ ಕುಟುಂಬಗಳು ಅಲ್ಲಿ ಲೆಕ್ಕವಿಲ್ಲದಷ್ಟಿವೆ. ಇದನ್ನು ಅವರು ವಲಸೆ ಎಂದು ಕರೆಯುವುದಿಲ್ಲ. ಮಕ್ಕಳ ಭವಿಷ್ಯ ಎನ್ನುತ್ತಾರೆ.

ಶಾಲಾ ಜಿಲ್ಲೆ ಎಂದರೆ ನಮ್ಮ ಕಂದಾಯ ಜಿಲ್ಲೆಯಂಥದ್ದೆಂದು ತಿಳಿಯಬಾರದು. ಅದಕ್ಕೆ ತನ್ನದೇ ಚುನಾಯಿತ ಮಂಡಳಿ ಇದೆ, ತನ್ನದೇ ಗಡಿ ಇದೆ, ಮನೆ-ಜಮೀನಿನ ಮೇಲೆ ತೆರಿಗೆ ಹಾಕುವ ಅಧಿಕಾರವೂ ಇದೆ. ಇಡೀ ದೇಶದಲ್ಲಿ ಇಂಥವು ಸುಮಾರು 13 ಸಾವಿರ. ಸರಕಾರಿ ಹೈಸ್ಕೂಲಿನಲ್ಲಿ ಶುಲ್ಕವಿಲ್ಲ. ಆದರೆ ಮಗು ಯಾವ ಹೈಸ್ಕೂಲಿಗೆ ಹೋಗಬೇಕೆಂಬುದನ್ನು ಮನೆಯ ವಿಳಾಸ ತೀರ್ಮಾನಿಸುತ್ತದೆ. ವಿಳಾಸ ಬದಲಾಗದೆ ಶಾಲೆ ಬದಲಾಗುವುದು ಕಷ್ಟ. ಹಾಗಾಗಿ ಒಳ್ಳೆಯ ಶಾಲೆಯನ್ನು ಬಯಸುವವನು ಮನೆಯನ್ನೇ ಎತ್ತಿಕೊಂಡು ಹೋಗಬೇಕು.

ಮೇಲುನೋಟಕ್ಕೆ ಇದು ಪ್ರತಿ ಕುಟುಂಬದ ಖಾಸಗಿ ಆಯ್ಕೆ. ಆದರೆ ಈ ಆಯ್ಕೆಗೆ ನೂರು ವರ್ಷಗಳ ಚರಿತ್ರೆಯಿದೆ. ಅದರಲ್ಲಿ ಗಲಭೆ ಇದೆ, ಗೋಡೆ ಇದೆ, ಸುಪ್ರೀಂ ಕೋರ್ಟಿನ ತೀರ್ಪು ಇದೆ. ಆ ಚರಿತ್ರೆಯನ್ನು ತಿಳಿಯಲು ಮಿಶಿಗನ್ ರಾಜ್ಯದ ಡೆಟ್ರಾಯ್ಟ್ ನಗರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಆ ನಗರದ ಉತ್ತರದ ಗಡಿಯೇ ಎಂಟು ಮೈಲಿ ರಸ್ತೆ. ಈಚೆ ನಗರ, ಆಚೆ ಉಪನಗರ.

ಒಬ್ಬ ವೈದ್ಯನ ಮನೆ

ಹೆನ್ರಿ ಫೋರ್ಡ್ 1914ರ ಜನವರಿಯಲ್ಲಿ ತನ್ನ ಕಾರ್ಖಾನೆಯ ಕಾರ್ಮಿಕರಿಗೆ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ. ಜಗತ್ತಿನ ಮೂಲೆಮೂಲೆಯಿಂದ ಜನ ಡೆಟ್ರಾಯ್ಟ್‌ಗೆ ಹರಿದುಬಂದರು. ಪೋಲೆಂಡಿನವರು, ಇಟಲಿಯವರು, ಲೆಬನಾನ್ ಮತ್ತು ಯೆಮೆನ್‌ನ ಅರಬರು, ದಕ್ಷಿಣದ ರಾಜ್ಯಗಳ ಹತ್ತಿಹೊಲಗಳಿಂದ ತಪ್ಪಿಸಿಕೊಂಡು ಬಂದ ಕಪ್ಪು ಜನರು. 1910ರಲ್ಲಿ 4 ಲಕ್ಷ 66 ಸಾವಿರದಷ್ಟಿದ್ದ ಜನಸಂಖ್ಯೆ 1920ರ ಹೊತ್ತಿಗೆ 9 ಲಕ್ಷ 94 ಸಾವಿರಕ್ಕೇರಿತು. ಕಾರ್ಖಾನೆಯೊಳಗೆ ಎಲ್ಲರಿಗೂ ದುಡಿಮೆ ಇತ್ತು. ಆದರೆ ದುಡಿದು ಬಂದು ಮಲಗಲು ಎಲ್ಲರಿಗೂ ಎಲ್ಲ ಕಡೆ ಜಾಗವಿರಲಿಲ್ಲ. ಕಪ್ಪು ಜನರಿಗೆಂದು ನಗರದ ಪೂರ್ವಭಾಗದಲ್ಲಿ ಕಿಷ್ಕಿಂಧೆಯಂಥ ಕೇರಿಗಳಿದ್ದವು. ಬಾಡಿಗೆ ಹೆಚ್ಚು, ಗಾಳಿ ಬೆಳಕು ಕಡಿಮೆ.

ಡಾಕ್ಟರ್ ಒಸಿಯನ್ ಸ್ವೀಟ್ ಎಂಬ ಕಪ್ಪು ವೈದ್ಯ ಆ ಗೆರೆಯನ್ನು ದಾಟಿದ. ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಕಲಿತು, ವಿಯೆನ್ನಾ ಮತ್ತು ಪ್ಯಾರಿಸ್‌ಗಳಲ್ಲಿ ಹೆಚ್ಚಿನ ಅಭ್ಯಾಸ ಮಾಡಿ ಬಂದವನು. 1925ರಲ್ಲಿ ಬಿಳಿಯರೇ ವಾಸವಾಗಿದ್ದ ಗಾರ್ಲಂಡ್ ಬೀದಿಯಲ್ಲಿ ಮನೆ ಕೊಂಡು, ಸೆಪ್ಟೆಂಬರ್ 8ರಂದು ಹೆಂಡತಿಯೊಂದಿಗೆ ಒಕ್ಕಲಾದ. ಮರುದಿನ ರಾತ್ರಿ ನೂರಾರು ಮಂದಿ ಮನೆಯನ್ನು ಮುತ್ತಿ ಕಲ್ಲು ತೂರಿದರು. ಪೊಲೀಸರು ನಿಂತು ನೋಡುತ್ತಿದ್ದರು. ಮನೆಯ ಒಳಗಿನಿಂದ ಗುಂಡು ಹಾರಿತು; ಹೊರಗಿದ್ದ ಬಿಳಿಯನೊಬ್ಬ ಸತ್ತ. ಮನೆಯಲ್ಲಿದ್ದ ಹನ್ನೊಂದು ಮಂದಿಯ ಮೇಲೂ ಕೊಲೆ ಆಪಾದನೆ ಬಿತ್ತು. ಪ್ರಖ್ಯಾತ ವಕೀಲ ಕ್ಲಾರೆನ್ಸ್ ಡ್ಯಾರೋ ಅವರ ಪರ ವಾದಿಸಿದ. ಮೊದಲ ವಿಚಾರಣೆಯಲ್ಲಿ ಪಂಚರಿಗೆ ಒಮ್ಮತವಾಗಲಿಲ್ಲ. 1926ರಲ್ಲಿ ಒಸಿಯನ್‌ನ ತಮ್ಮ ಹೆನ್ರಿ ಖುಲಾಸೆಯಾದ, ಉಳಿದವರ ಮೇಲಿನ ಮೊಕದ್ದಮೆಯೂ ಮುಂದೆ ಬಿದ್ದುಹೋಯಿತು. ಆದರೆ ಮಗಳೂ ಹೆಂಡತಿಯೂ ಕ್ಷಯದಿಂದ ತೀರಿಕೊಂಡರು. 1960ರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ಕೋರ್ಟಿನಲ್ಲಿ ಗೆದ್ದ ಮನುಷ್ಯ ಬದುಕಿನಲ್ಲಿ ಗೆದ್ದನೆಂದು ಹೇಳುವುದು ಹೇಗೆ?

ಕೆಂಪು ಬಣ್ಣದ ನಕಾಶೆ

ಗುಂಪುಗಳು ಕಲ್ಲಿನಿಂದ ಮಾಡಿದ್ದನ್ನು ಸರಕಾರ ಮುಂದೆ ಕಾಗದದಿಂದ ಮಾಡಿತು. 1929ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಳ್ಳುತ್ತಿದ್ದವರನ್ನು ಕಾಪಾಡಲು 1933ರಲ್ಲಿ ಅಮೆರಿಕ ಸರಕಾರ ಗೃಹಸಾಲದ ಒಂದು ಸಂಸ್ಥೆಯನ್ನು ಹುಟ್ಟುಹಾಕಿತು. ಆ ಸಂಸ್ಥೆ ನಗರಗಳ ನಕಾಶೆ ಬರೆಸಿ, ಸಾಲಕ್ಕೆ ಯೋಗ್ಯವಾದ ಬಡಾವಣೆಗಳಿಗೆ ಹಸಿರು, ಅಪಾಯದ ಬಡಾವಣೆಗಳಿಗೆ ಕೆಂಪು ಬಳಿಯಿತು. ಕಪ್ಪು ಜನರಿದ್ದ ಬಡಾವಣೆಗಳು ಸಾಮಾನ್ಯವಾಗಿ ಕೆಂಪಿನೊಳಗೇ ಬಿದ್ದವು. 1934ರಲ್ಲಿ ಬಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಬ್ಯಾಂಕು ಕೊಟ್ಟ ಗೃಹಸಾಲಕ್ಕೆ ಸರಕಾರದ ವಿಮೆ ಒದಗಿಸಿತು. ಕಡಿಮೆ ಬಡ್ಡಿ, ದೀರ್ಘ ಅವಧಿ. ಮಧ್ಯಮ ವರ್ಗ ಸ್ವಂತ ಮನೆ ಕಂಡದ್ದು ಈ ವಿಮೆಯಿಂದ. ಆದರೆ ಬೇರೆ ಬೇರೆ ಜನಾಂಗದವರು ಬೆರೆತ ಬಡಾವಣೆಗೆ ವಿಮೆ ಸಿಗುವುದು ದುರ್ಲಭವಾಗಿತ್ತು.

ಈ ಇಲಾಖೆಯ ಅಧಿಕಾರಿಗಳಿಗಾಗಿ 1930ರ ದಶಕದಲ್ಲಿ ಬರೆದ ಕೈಪಿಡಿಯೊಂದಿದೆ. ಅದರಲ್ಲಿ ಶಾಲೆಯ ಮಾತೂ ಬರುತ್ತದೆ. ಒಂದು ಬಡಾವಣೆಯ ಮಕ್ಕಳು ಕೆಳಸ್ತರದ ಅಥವಾ ಹೊಂದಿಕೆಯಾಗದ ಜನಾಂಗದ ಮಕ್ಕಳೇ ಹೆಚ್ಚಿರುವ ಶಾಲೆಗೆ ಹೋಗಬೇಕಾಗಿದ್ದರೆ, ಆ ಬಡಾವಣೆಯ ಮೌಲ್ಯ ಸ್ಥಿರವಾಗಿ ಉಳಿಯಲಾರದು ಎಂಬುದು ಅದರ ತಾತ್ಪರ್ಯ. ಮನೆಯ ಬೆಲೆಯನ್ನು ಶಾಲೆಯಲ್ಲಿ ಕೂರುವ ಮಕ್ಕಳ ಬಣ್ಣದೊಂದಿಗೆ ಕಟ್ಟಿಹಾಕಿದ್ದು ಯಾವುದೋ ಬೀದಿಯ ಅಜ್ಞಾನಿಯಲ್ಲ, ರಾಷ್ಟ್ರದ ಸರಕಾರ. ಇಂದು ಮನೆ ಹುಡುಕುವ ತಂದೆತಾಯಿ ಕೇಳುವ ಆ ಮೊದಲ ಪ್ರಶ್ನೆಯ ಬೇರು ಇಲ್ಲಿದೆ.

ಡೆಟ್ರಾಯ್ಟ್‌ನ ಎಂಟು ಮೈಲಿ ರಸ್ತೆಯ ಹತ್ತಿರ 1941ರಲ್ಲಿ ನಡೆದದ್ದು ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. ಅಲ್ಲಿ ಕಪ್ಪು ಜನರ ಒಂದು ಸಣ್ಣ ವಸತಿ ಇತ್ತು. ಅದರ ಪಕ್ಕದಲ್ಲಿ ಬಿಳಿಯರಿಗಾಗಿ ಮನೆ ಕಟ್ಟಲು ಹೊರಟ ಗುತ್ತಿಗೆದಾರನಿಗೆ, ನೆರೆ ಸರಿಯಿಲ್ಲವೆಂದು ಸರಕಾರದ ಸಾಲದ ಬೆಂಬಲ ಸಿಗಲಿಲ್ಲ. ಆತ ಎರಡರ ನಡುವೆ ಆರು ಅಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಕಟ್ಟಿದ. ಬೆಂಬಲ ಸಿಕ್ಕಿತು.

ಅಂಕ ಪಡೆದವರಿಗೆ ಮನೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಹೆದ್ದಾರಿಗಳು ಬಂದವು, ಕಾರುಗಳು ಅಗ್ಗವಾದವು, ಕಾರ್ಖಾನೆಗಳೂ ನಗರದ ಹೊರಗೆ ಹೊರಟವು. ಬಿಳಿಯರು ಎಂಟು ಮೈಲಿ ರಸ್ತೆಯನ್ನು ದಾಟತೊಡಗಿದರು. ಬಣ್ಣದ ಆಧಾರದ ಮೇಲೆ ಮನೆ ಮಾರಬಾರದೆಂದು ಕ್ರಯಪತ್ರದಲ್ಲಿ ಬರೆಯುತ್ತಿದ್ದ ಷರತ್ತುಗಳನ್ನು ಕೋರ್ಟುಗಳು ಜಾರಿಗೊಳಿಸಕೂಡದೆಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನೊಂದಿಗೆ ಸೇರಿದ್ದ ಮೊಕದ್ದಮೆಗಳಲ್ಲಿ ಒಂದು ಡೆಟ್ರಾಯ್ಟ್‌ನದೇ. ಆದರೆ ಷರತ್ತು ಹೋದರೇನು, ಉಪಾಯಗಳು ಉಳಿದವು.

ನಗರಕ್ಕೆ ಹೊಂದಿಕೊಂಡಂತೆ ಸರೋವರದ ದಂಡೆಯಲ್ಲಿ ಗ್ರೋಸ್ ಪಾಯಿಂಟ್ ಎಂಬ ಶ್ರೀಮಂತ ಉಪನಗರಗಳಿವೆ. ಅಲ್ಲಿನ ದಲ್ಲಾಳಿಗಳ ಸಂಘ ಮನೆ ಕೊಳ್ಳಲು ಬರುವವರಿಗೆ ಗುಟ್ಟಾಗಿ ಅಂಕ ಕೊಡುತ್ತಿದ್ದುದು 1960ರಲ್ಲಿ ಬಯಲಾಯಿತು. ಖಾಸಗಿ ಪತ್ತೇದಾರರನ್ನು ಕಳಿಸಿ ಮೈಬಣ್ಣ, ಉಚ್ಚಾರಣೆ, ಉಡುಪು, ಬದುಕುವ ರೀತಿ ಎಲ್ಲವನ್ನೂ ಅಳೆಯುತ್ತಿದ್ದರು. ಸಾಮಾನ್ಯವಾಗಿ 50 ಅಂಕ ಸಾಕು. ಪೋಲಿಷ್ ಮೂಲದವರಿಗೆ 55 ಬೇಕು. ಯಹೂದಿಗಳಿಗೆ 85. ಕಪ್ಪು ಜನರು ಮತ್ತು ಏಷ್ಯಾದವರು ಎಷ್ಟು ಅಂಕ ಪಡೆದರೂ ತೇರ್ಗಡೆಯಾಗುವಂತಿರಲಿಲ್ಲ. ಹೆಸರು ಹೇಳಿದ ಕೂಡಲೇ ಮನೆ ಖಾಲಿಯಿಲ್ಲ ಎಂಬ ಉತ್ತರ ಕೇಳಿ ಅಭ್ಯಾಸವಾದ ನಮ್ಮ ಓದುಗರಿಗೆ ಈ ಪದ್ಧತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಅಂಕಪಟ್ಟಿ ಕಾಗದದ ಮೇಲಿಲ್ಲ, ಅಷ್ಟೇ.

1950ರಲ್ಲಿ ಡೆಟ್ರಾಯ್ಟ್‌ನಲ್ಲಿ 18 ಲಕ್ಷ 49 ಸಾವಿರ ಜನರಿದ್ದರು. ಅದೇ ಅದರ ಶಿಖರ. ಅಲ್ಲಿಂದ ಇಳಿಮುಖ. 1967ರ ಜುಲೈಯಲ್ಲಿ ನಡೆದ ದಂಗೆಯಲ್ಲಿ 43 ಮಂದಿ ಸತ್ತರು. ಆ ದಂಗೆಯಿಂದಾಗಿ ಬಿಳಿಯರು ಊರು ಬಿಟ್ಟರೆಂದು ಹೇಳುವವರು ಇದ್ದಾರೆ. ಅದು ಅರ್ಧ ಸತ್ಯ. ಅವರು ಹೊರಡಲು ಶುರುಮಾಡಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ದಂಗೆ ಆ ನಡಿಗೆಯನ್ನು ಓಟವಾಗಿಸಿತು.

ನ್ಯಾಯಾಧೀಶ ರಾತ್ ಅವರ ಆದೇಶ

ಬಣ್ಣದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 1954ರಲ್ಲೇ ಒಮ್ಮತದಿಂದ ಹೇಳಿತ್ತು. ಆ ಮೊಕದ್ದಮೆಯನ್ನು ವಾದಿಸಿ ಗೆದ್ದವರು ಕಪ್ಪು ವಕೀಲ ಥರ್ಗುಡ್ ಮಾರ್ಷಲ್. ಆದರೆ ಅದು ದಕ್ಷಿಣದ ರಾಜ್ಯಗಳ ಪಾಪವೆಂದು ಉತ್ತರದವರು ನೆಮ್ಮದಿಯಾಗಿದ್ದರು. ಮಿಶಿಗನ್ನಿನಲ್ಲಿ ಬಣ್ಣದ ಕಾನೂನು ಇರಲಿಲ್ಲ. ಮನೆಗಳು ಬೇರೆ ಇದ್ದವು, ಹಾಗಾಗಿ ಶಾಲೆಗಳೂ ಬೇರೆ ಇದ್ದವು.

1970ರ ಏಪ್ರಿಲ್‌ನಲ್ಲಿ ಡೆಟ್ರಾಯ್ಟ್‌ನ ಶಾಲಾ ಮಂಡಳಿ ಕೆಲವು ಹೈಸ್ಕೂಲುಗಳ ಗಡಿ ಬದಲಿಸಿ ಕಪ್ಪು-ಬಿಳಿ ಮಕ್ಕಳನ್ನು ಒಟ್ಟಿಗೆ ಕೂರಿಸುವ ಸಾಧಾರಣ ಯೋಜನೆಯೊಂದನ್ನು ಮಾಡಿತು. ಜುಲೈಯಲ್ಲಿ ರಾಜ್ಯದ ಶಾಸನಸಭೆ ಕಾನೂನು ತಂದು ಅದನ್ನು ತಡೆಯಿತು. ಆಗಸ್ಟ್‌ನಲ್ಲಿ ಮತದಾರರು ಯೋಜನೆಯ ಪರವಿದ್ದ ನಾಲ್ವರು ಸದಸ್ಯರನ್ನು ವಾಪಸು ಕರೆಸಿ ಮನೆಗೆ ಕಳಿಸಿದರು. ಅದೇ ತಿಂಗಳು ನಾಗರಿಕ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ನ್ಯಾಯಾಲಯದ ಮೆಟ್ಟಿಲೇರಿತು. ರಾಜ್ಯಪಾಲ ವಿಲಿಯಂ ಮಿಲಿಕನ್ ಮೊದಲ ಪ್ರತಿವಾದಿ.

ಮೊಕದ್ದಮೆ ಬಂದದ್ದು ಸ್ಟೀಫನ್ ರಾತ್ ಎಂಬ ನ್ಯಾಯಾಧೀಶರ ಮುಂದೆ. ಹಂಗೇರಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವರು. ಮೊದಮೊದಲು ಅರ್ಜಿದಾರರ ವಾದವನ್ನು ಅವರು ಸಂಶಯದಿಂದಲೇ ನೋಡಿದರು. ಆದರೆ 41 ದಿನಗಳ ವಿಚಾರಣೆಯಲ್ಲಿ ನಕಾಶೆಗಳು, ಸಾಲದ ಕಾಗದಗಳು, ಶಾಲಾ ಗಡಿಗಳ ಇತಿಹಾಸ ಒಂದೊಂದಾಗಿ ಅವರ ಮುಂದೆ ಬಂದವು. 1971ರ ಸೆಪ್ಟೆಂಬರ್‌ನಲ್ಲಿ ಅವರು ಕೊಟ್ಟ ತೀರ್ಪು ಸ್ಪಷ್ಟವಾಗಿತ್ತು. ಈ ಬೇರ್ಪಡಿಕೆ ತಾನಾಗಿ ಆದದ್ದಲ್ಲ. ಸರಕಾರದ ಎಲ್ಲ ಹಂತಗಳೂ ಬ್ಯಾಂಕುಗಳೂ ದಲ್ಲಾಳಿಗಳೂ ಸೇರಿ ಮಾಡಿದ್ದು.

ಹಾಗಾದರೆ ಪರಿಹಾರವೇನು? ಆ ಹೊತ್ತಿಗೆ ಡೆಟ್ರಾಯ್ಟ್ ಶಾಲೆಗಳ ಮಕ್ಕಳಲ್ಲಿ ನೂರಕ್ಕೆ 64ರಷ್ಟು ಕಪ್ಪು ಮಕ್ಕಳು. ನಗರದೊಳಗೆ ಮಾತ್ರ ಬೆರೆಸಿದರೆ ಉಳಿದ ಬಿಳಿಯರೂ ರಸ್ತೆ ದಾಟಿ ಹೋಗುತ್ತಾರೆ. ಹೀಗೆ ಯೋಚಿಸಿ ರಾತ್ 1972ರ ಜೂನ್‌ನಲ್ಲಿ ನಗರದೊಂದಿಗೆ 53 ಉಪನಗರ ಶಾಲಾ ಜಿಲ್ಲೆಗಳನ್ನೂ ಸೇರಿಸಿ ಯೋಜನೆ ಸಿದ್ಧಪಡಿಸಲು ಆದೇಶಿಸಿದರು. ಸುಮಾರು 7 ಲಕ್ಷ 80 ಸಾವಿರ ಮಕ್ಕಳು ಅದರೊಳಗೆ ಬರುತ್ತಿದ್ದರು. ಮಕ್ಕಳು ಬಸ್ಸಿನಲ್ಲಿ ಗಡಿ ದಾಟಬೇಕಿತ್ತು. ಕೆಲವರು ಆಚೆಯಿಂದ ಈಚೆಗೆ, ಕೆಲವರು ಈಚೆಯಿಂದ ಆಚೆಗೆ.

ಉಪನಗರಗಳು ಕೆರಳಿದವು. ಹತ್ತಿರದ ಪಾಂಟಿಯಾಕ್ ಪಟ್ಟಣದಲ್ಲಿ ಇಂಥದ್ದೇ ಆದೇಶಕ್ಕೆ ಪ್ರತಿಯಾಗಿ 1971ರ ಆಗಸ್ಟ್ 30ರ ರಾತ್ರಿ ಹತ್ತು ಶಾಲಾ ಬಸ್ಸುಗಳನ್ನು ಬಾಂಬಿಟ್ಟು ಸುಟ್ಟಿದ್ದರು. ಕು ಕ್ಲಕ್ಸ್ ಕ್ಲಾನ್‌ನವರಿಗೆ ಅದಕ್ಕಾಗಿ ಶಿಕ್ಷೆಯಾಯಿತು. 1972ರ ಮೇಯಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಗೆ ಮಿಶಿಗನ್ನಿನಲ್ಲಿ ಮತದಾನ ನಡೆದಾಗ, ದಕ್ಷಿಣದ ವರ್ಣಭೇದವಾದಿ ಜಾರ್ಜ್ ವಾಲೆಸ್ ಗೆದ್ದ. ಕಾರ್ಮಿಕ ಸಂಘಗಳ ತವರಿನಲ್ಲಿ! ನ್ಯಾಯಾಧೀಶ ರಾತ್ ಅವರಿಗೆ ಬೆದರಿಕೆಗಳು ಬಂದವು. ಬಸ್ಸೆಂಬ ಸಾಧಾರಣ ವಾಹನ ಬೈಗುಳದ ಮಾತಾಯಿತು. ಆದರೆ ಉಪನಗರಗಳ ಬಿಳಿಯ ಮಕ್ಕಳಲ್ಲಿ ಬಹಳ ಮಂದಿ ಅದಾಗಲೇ ದಿನವೂ ಬಸ್ಸಿನಲ್ಲೇ ಶಾಲೆಗೆ ಹೋಗುತ್ತಿದ್ದರು. ಯಾರಿಗೂ ಬೇಡವಾದದ್ದು ಬಸ್ಸಲ್ಲ, ಅದು ತಲುಪುವ ಜಾಗ.

ಐದು ಮತ್ತು ನಾಲ್ಕು

1974ರ ಜುಲೈ 25ರಂದು ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ರಾತ್ ಅವರ ಆದೇಶವನ್ನು ರದ್ದುಗೊಳಿಸಿತು. ಉಪನಗರದ ಶಾಲಾ ಜಿಲ್ಲೆಗಳು ತಪ್ಪು ಮಾಡಿವೆಯೆಂದು ಸಾಬೀತಾಗಿಲ್ಲ, ತಪ್ಪು ಮಾಡದವರ ಮೇಲೆ ಪರಿಹಾರ ಹೇರುವಂತಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಬರೆದರು. ಭಿನ್ನಮತ ಬರೆದವರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು. 1954ರಲ್ಲಿ ವಕೀಲರಾಗಿ ನಿಂತಿದ್ದ ಅದೇ ನ್ಯಾಯಾಲಯದಲ್ಲಿ ಈಗ ನ್ಯಾಯಮೂರ್ತಿಯಾಗಿ ಅವರು ಸೋತರು. ಮಹಾನಗರಗಳನ್ನು ಬಣ್ಣದಂತೆ ಎರಡಾಗಿ ಸೀಳಿಕೊಳ್ಳಲು ಬಿಡುವುದು ಇಂದಿಗೆ ಸುಲಭ, ಮುಂದೆ ಪಶ್ಚಾತ್ತಾಪಕ್ಕೆ ದಾರಿ ಎಂಬುದು ಅವರ ಎಚ್ಚರಿಕೆಯ ಸಾರ. ನ್ಯಾಯಾಧೀಶ ರಾತ್ ಈ ತೀರ್ಪನ್ನು ನೋಡಲಿಲ್ಲ. ಎರಡು ವಾರ ಮೊದಲು ಅವರು ತೀರಿಕೊಂಡಿದ್ದರು.

ಇದಕ್ಕೂ ಒಂದು ವರ್ಷ ಮೊದಲು, 1973ರ ಮಾರ್ಚ್‌ನಲ್ಲಿ, ಅದೇ ನ್ಯಾಯಾಲಯ ಅದೇ ಐದು-ನಾಲ್ಕರ ಬಹುಮತದಿಂದ ಇನ್ನೊಂದು ತೀರ್ಪು ಕೊಟ್ಟಿತ್ತು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದ ಎಜ್‌ವುಡ್ ಎಂಬ ಬಡ ಶಾಲಾ ಜಿಲ್ಲೆಯ ತಂದೆತಾಯಿಗಳು, ಬಹುಪಾಲು ಮೆಕ್ಸಿಕನ್ ಮೂಲದವರು, ನ್ಯಾಯ ಕೇಳಿ ಬಂದಿದ್ದರು. ಅವರು ತಮ್ಮ ಮನೆಗಳ ಮೇಲೆ ಹೆಚ್ಚಿನ ದರದ ತೆರಿಗೆ ಕಟ್ಟುತ್ತಿದ್ದರು, ಆದರೂ ಮನೆಗಳ ಬೆಲೆ ಕಡಿಮೆಯಾದ್ದರಿಂದ ಶಾಲೆಗೆ ಹಣ ಸಾಲುತ್ತಿರಲಿಲ್ಲ. ಪಕ್ಕದ ಸಿರಿವಂತ ಜಿಲ್ಲೆ ಕಡಿಮೆ ದರದ ತೆರಿಗೆಯಿಂದಲೇ ಹೆಚ್ಚು ಹಣ ಎತ್ತುತ್ತಿತ್ತು. ಶಿಕ್ಷಣ ಅಮೆರಿಕದ ಸಂವಿಧಾನ ಖಾತ್ರಿಪಡಿಸಿದ ಮೂಲಭೂತ ಹಕ್ಕಲ್ಲ, ಈ ಅಸಮಾನತೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಕೋರ್ಟ್ ಹೇಳಿತು.

ಈ ಎರಡು ತೀರ್ಪುಗಳನ್ನು ಒಟ್ಟಿಗಿಟ್ಟು ಓದಬೇಕು. ಮೊದಲನೆಯದು ಹಣ ಗಡಿ ದಾಟಬೇಕಿಲ್ಲ ಎಂದಿತು. ಎರಡನೆಯದು ಮಕ್ಕಳು ಗಡಿ ದಾಟಬೇಕಿಲ್ಲ ಎಂದಿತು. ಇನ್ನು ಗಡಿ ದಾಟಲು ಉಳಿದದ್ದು ಒಂದೇ ದಾರಿ, ಮನೆ ಕೊಳ್ಳುವುದು. ಎಂಟು ಮೈಲಿ ರಸ್ತೆಯನ್ನು ದಾಟಿ ಹೋದವರ ಹಿಂದೆ ಯಾವ ಬಸ್ಸೂ ಬರುವುದಿಲ್ಲವೆಂದು 1974ರ ಬೇಸಿಗೆಯಲ್ಲಿ ಖಾತ್ರಿಯಾಯಿತು. ಒಳ್ಳೆಯ ಶಾಲೆಯ ಶುಲ್ಕ ಅಂದಿನಿಂದ ಮನೆಯ ಬೆಲೆಯೊಳಗೆ ಅಡಗಿ ಕೂತಿದೆ. ಸರಕಾರಿ ಶಾಲೆ ಉಚಿತವೆಂಬ ಮಾತು ನಿಜ. ಅದರ ಬಾಗಿಲಿಗೆ ಹೋಗುವ ದಾರಿ ಮಾತ್ರ ಉಚಿತವಲ್ಲ.

ಮಿಶಿಗನ್ 1994ರಲ್ಲಿ ಜನಮತದ ಮೂಲಕ ಶಾಲೆಗಳ ದಿನನಿತ್ಯದ ಖರ್ಚನ್ನು ಬಹುಮಟ್ಟಿಗೆ ಆಸ್ತಿ ತೆರಿಗೆಯಿಂದ ಬಿಡಿಸಿ, ಮಾರಾಟ ತೆರಿಗೆಯನ್ನು ನೂರಕ್ಕೆ 4ರಿಂದ 6ಕ್ಕೆ ಏರಿಸಿ, ರಾಜ್ಯವೇ ಮಗುವಿಗಿಷ್ಟೆಂದು ಹಣ ಕೊಡುವ ವ್ಯವಸ್ಥೆ ಮಾಡಿತು. ಅಂತರ ಕಡಿಮೆಯಾಯಿತು. ಆದರೆ ಕಟ್ಟಡ, ಪ್ರಯೋಗಾಲಯ, ಆಟದ ಮೈದಾನಗಳ ಸಾಲವನ್ನು ಇಂದಿಗೂ ಆಯಾ ಜಿಲ್ಲೆಯ ಆಸ್ತಿ ತೆರಿಗೆಯೇ ತೀರಿಸಬೇಕು. 1996ರಿಂದ ಹೊರಗಿನ ಮಕ್ಕಳನ್ನು ಸೇರಿಸಿಕೊಳ್ಳಲು ಜಿಲ್ಲೆಗಳಿಗೆ ಅವಕಾಶವಿದೆ. ಅವಕಾಶವಿದೆ, ಕಡ್ಡಾಯವಿಲ್ಲ. ಗ್ರೋಸ್ ಪಾಯಿಂಟ್‌ನಂಥ ಜಿಲ್ಲೆಗಳು ಬಾಗಿಲು ತೆರೆಯಲಿಲ್ಲ.

ಹೋಗಲಾಗದವರು

ಹೋದವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹೋಗಲಾಗದವರ ಗತಿಯೇನಾಯಿತು? 1970ರಲ್ಲಿ ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದ ಡೆಟ್ರಾಯ್ಟ್ ಶಾಲೆಗಳಲ್ಲಿ ಈಗ ಇರುವುದು ಸುಮಾರು 50 ಸಾವಿರ. ನಗರದ ಜನಸಂಖ್ಯೆ 2020ರಲ್ಲಿ 6 ಲಕ್ಷ 39 ಸಾವಿರ. ಶಿಖರದಲ್ಲಿದ್ದುದರ ಮೂರನೇ ಒಂದು ಪಾಲು. 2013ರಲ್ಲಿ ನಗರಾಡಳಿತ ದಿವಾಳಿಯಾಯಿತು. 2016ರ ಜನವರಿಯಲ್ಲಿ ಬೂಷ್ಟು ಹಿಡಿದ ಗೋಡೆ, ಸೋರುವ ಸೂರುಗಳ ವಿರುದ್ಧ ಶಿಕ್ಷಕರು ಸಾಮೂಹಿಕ ರಜೆ ಹಾಕಿ ಪ್ರತಿಭಟಿಸಿದಾಗ ಹತ್ತಾರು ಶಾಲೆಗಳು ಮುಚ್ಚಿದವು. ಅದೇ ವರ್ಷ ಕೆಲವು ವಿದ್ಯಾರ್ಥಿಗಳು, ಅಕ್ಷರ ಕಲಿಯುವ ಹಕ್ಕಾದರೂ ನಮಗಿಲ್ಲವೇ ಎಂದು ಕೋರ್ಟಿಗೆ ಹೋದರು. 2020ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯದ ಪೀಠವೊಂದು ಇದೆ ಎಂದಿತು. ಮೇಯಲ್ಲಿ ಸರಕಾರ ರಾಜಿ ಮಾಡಿಕೊಂಡಿತು. ಅದರ ಬೆನ್ನಿಗೇ ಪೂರ್ಣಪೀಠ ಆ ತೀರ್ಪನ್ನು ತೆರವುಗೊಳಿಸಿತು. ರಾಜಿಯ ಹಣ ಉಳಿಯಿತು, ಹಕ್ಕು ಉಳಿಯಲಿಲ್ಲ.

ನೆರೆಯ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ಸರಕಾರಿ ವಸತಿಯಲ್ಲಿ ಬದುಕುತ್ತಿದ್ದ ಕಪ್ಪು ತಾಯಿಯೊಬ್ಬಳು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ತನ್ನ ತಂದೆಯ ಮನೆಯ ವಿಳಾಸ ಕೊಟ್ಟು ಪಕ್ಕದ ಉಪನಗರದ ಶಾಲೆಗೆ ಸೇರಿಸಿದ್ದಳು. ಶಾಲಾ ಜಿಲ್ಲೆ ಪತ್ತೇದಾರನನ್ನು ನೇಮಿಸಿ ಹಿಂಬಾಲಿಸಿತು. 2011ರ ಜನವರಿಯಲ್ಲಿ ಆಕೆ ಒಂಬತ್ತು ದಿನ ಜೈಲಿನಲ್ಲಿದ್ದಳು. ದೇಶದಾದ್ಯಂತ ಕೂಗೆದ್ದ ಮೇಲೆ ಅದೇ ವರ್ಷ ರಾಜ್ಯಪಾಲರು ಅಪರಾಧದ ದರ್ಜೆಯನ್ನು ಇಳಿಸಿದರು. ಮನೆ ಕೊಂಡು ಗಡಿ ದಾಟಿದವರನ್ನು ಜವಾಬ್ದಾರಿಯುತ ತಂದೆತಾಯಿ ಎನ್ನುತ್ತೇವೆ. ಅದೇ ಆಸೆಯಿಂದ, ಮನೆ ಕೊಳ್ಳಲಾಗದೆ ಗಡಿ ದಾಟಿದವಳನ್ನು ಕಾನೂನು ಕಳ್ಳಿ ಎಂದಿತು.

ಡಿಯರ್‌ಬಾರ್ನಿನ ಪಾಠ

ಡೆಟ್ರಾಯ್ಟ್‌ನ ಪಶ್ಚಿಮಕ್ಕೆ ಅಂಟಿಕೊಂಡ ಡಿಯರ್‌ಬಾರ್ನ್ ಉಪನಗರದ ಕಥೆಯನ್ನು ಮುಸ್ಲಿಮ್ ಓದುಗರು ವಿಶೇಷವಾಗಿ ಗಮನಿಸಬೇಕು. ಫೋರ್ಡ್‌ನ ಬೃಹತ್ ರೂಜ್ ಕಾರ್ಖಾನೆ ಇರುವುದು ಇಲ್ಲಿ. 1942ರಿಂದ 1978ರವರೆಗೆ ಇಲ್ಲಿನ ಮೇಯರ್ ಆಗಿದ್ದ ಓರ್ವಿಲ್ ಹಬಾರ್ಡ್ ಕಪ್ಪು ಜನರನ್ನು ಊರೊಳಗೆ ನೆಲಸಗೊಡುವುದಿಲ್ಲವೆಂದು ಬಹಿರಂಗವಾಗಿ ಹೇಳಿಕೊಂಡು ಮತ ಪಡೆದವನು. ಅರಬ್ ಕಾರ್ಮಿಕರು ಕಾರ್ಖಾನೆಯ ಹೊಗೆಯ ಕೆಳಗಿನ ಸೌತ್ ಎಂಡ್‌ನಲ್ಲಿ ಮಸೀದಿ ಕಟ್ಟಿಕೊಂಡು ಬದುಕಿದ್ದರು. ಆ ಕೇರಿಯನ್ನೂ ಕೈಗಾರಿಕೆಗೆಂದು ಕೆಡವಲು ಆಡಳಿತ ಹೊರಟಾಗ ನಿವಾಸಿಗಳು 1970ರ ದಶಕದಲ್ಲಿ ಕೋರ್ಟಿಗೆ ಹೋಗಿ ತಡೆದರು. 1975ರಲ್ಲಿ ಲೆಬನಾನ್‌ನಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಬಂದ ಕುಟುಂಬಗಳು, ಬಿಳಿಯರು ಬಿಟ್ಟುಹೋಗುತ್ತಿದ್ದ ಪೂರ್ವ ಡಿಯರ್‌ಬಾರ್ನ್‌ನ ಮನೆಗಳನ್ನು ಕೊಂಡವು. 1985ರ ಚುನಾವಣೆಯಲ್ಲಿ ಅರಬರನ್ನು ಊರಿನ ಸಮಸ್ಯೆಯೆಂದು ಕರೆದ ಕರಪತ್ರ ಹಂಚಿದ ಅಭ್ಯರ್ಥಿಯೇ ಮೇಯರ್ ಆದ.

ಇವರು ಓಡಲಿಲ್ಲ. 1928ರಲ್ಲಿ ಕಟ್ಟಿದ, ಕೋಟೆಯಂತೆ ಕಾಣುವ ಫೋರ್ಡ್‌ಸನ್ ಹೈಸ್ಕೂಲಿಗೆ ತಮ್ಮ ಮಕ್ಕಳನ್ನು ಕಳಿಸಿದರು. ಇಂದು ಅಲ್ಲಿನ ವಿದ್ಯಾರ್ಥಿಗಳಲ್ಲಿ ಬಹುಪಾಲು ಅರಬ್ ಮೂಲದವರು. ರಂಜಾನ್ ತಿಂಗಳು ಆಗಸ್ಟ್‌ನಲ್ಲಿ ಬಂದ ವರ್ಷಗಳಲ್ಲಿ ಶಾಲೆಯ ಫುಟ್‌ಬಾಲ್ ತಂಡ ಉಪವಾಸಿ ಹುಡುಗರಿಗಾಗಿ ನಡುರಾತ್ರಿ ಅಭ್ಯಾಸ ನಡೆಸಿತು. ಈ ಕುರಿತ ಸಾಕ್ಷ್ಯಚಿತ್ರ 2011ರಲ್ಲಿ ಬಂತು. 2022ರ ಜನವರಿಯಲ್ಲಿ ಅಬ್ದುಲ್ಲಾ ಹಮ್ಮೂದ್ ಡಿಯರ್‌ಬಾರ್ನಿನ ಮೊದಲ ಅರಬ್ ಮುಸ್ಲಿಮ್ ಮೇಯರ್ ಆದರು. ಹಬಾರ್ಡ್‌ನ ಪ್ರತಿಮೆಯನ್ನು 2015ರಲ್ಲಿ ಪುರಭವನದಿಂದ ವಸ್ತುಸಂಗ್ರಹಾಲಯಕ್ಕೆ, 2020ರಲ್ಲಿ ಅಲ್ಲಿಂದಲೂ ಸಾಗಿಸಿದರು.

ಓದಲು ಹಿತವಾದ ಕಥೆ. ಆದರೆ ಇಲ್ಲಿಗೇ ನಿಲ್ಲಿಸಿದರೆ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಅರಬ್ ಕುಟುಂಬಗಳೂ ಇನ್ನೂ ದೊಡ್ಡ ಮನೆ, ಇನ್ನೂ ಹೆಸರಾಂತ ಹೈಸ್ಕೂಲು ಹುಡುಕಿ ಆಚೆ ಸರಿಯುತ್ತಿವೆ. ಕಪ್ಪು ಮಧ್ಯಮ ವರ್ಗವೂ ಎಂಟು ಮೈಲಿ ರಸ್ತೆ ದಾಟಿ ಸೌತ್‌ಫೀಲ್ಡ್ ಸೇರಿತು. ಅವರು ಬಂದಂತೆ ಬಿಳಿಯರು ಮತ್ತೂ ಮುಂದೆ ಹೋದರು. ಟ್ರಾಯ್, ನೋವಾಯ್, ಕ್ಯಾಂಟನ್ ಉಪನಗರಗಳಲ್ಲಿ ಭಾರತೀಯರು ದಟ್ಟವಾಗಿ ನೆಲೆಸಿದ್ದಾರೆ. ಕಾರು ಉದ್ಯಮದ ಎಂಜಿನಿಯರುಗಳು, ವೈದ್ಯರು, ಸಾಫ್ಟ್‌ವೇರಿನವರು. ಅವರಲ್ಲಿ ಕನ್ನಡಿಗರೂ ಇದ್ದಾರೆ. ಪಂಪ ಕನ್ನಡ ಕೂಟ ಇರುವುದು ಅಲ್ಲೇ. 2002ರ ಅಕ್ಕ ಸಮ್ಮೇಳನ ನಡೆದದ್ದೂ ಡೆಟ್ರಾಯ್ಟ್‌ನಲ್ಲೇ. ನಮ್ಮವರು ಬಡಾವಣೆ ಆರಿಸುವಾಗ ಮೊದಲು ನೋಡುವುದು ಹೈಸ್ಕೂಲಿನ ಅಂಕಗಳನ್ನೇ. ಮಕ್ಕಳಿಗಾಗಿ ಸಮುದ್ರವನ್ನೇ ದಾಟಿ ಹೋದವರಿಗೆ ಒಂದು ರಸ್ತೆ ಯಾವ ಲೆಕ್ಕ?

ಅವರನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ತನ್ನ ಮಗುವನ್ನು ಸೋರುವ ಶಾಲೆಯಲ್ಲಿ ಕೂರಿಸಿ ಸಮಾನತೆಯ ಪ್ರಯೋಗ ಮಾಡು ಎಂದು ಯಾವ ತಾಯಿಗೂ ಹೇಳಲಾಗದು. ತಾಲೀಮಿಗಾಗಿ ಊರು ಬಿಡುವುದನ್ನು ನಮ್ಮ ಬುಜುರ್ಗರು ಪುಣ್ಯವೆಂದೇ ತಿಳಿದಿದ್ದರು. ಆದರೆ ಒಂದು ಮಾತನ್ನು ನೆನಪಿಡಬೇಕು. ಗ್ರೋಸ್ ಪಾಯಿಂಟ್‌ನ ಅಂಕಪಟ್ಟಿಯಲ್ಲಿ ಏಷ್ಯಾದವರೂ ಅನುತ್ತೀರ್ಣರೇ ಆಗಿದ್ದರು. ನಮ್ಮವರಿಗೆ ಆ ಬಾಗಿಲು ತೆರೆದದ್ದು 1968ರ ನ್ಯಾಯಯುತ ವಸತಿ ಕಾನೂನು. ಅದನ್ನು ತಂದದ್ದು ಕಪ್ಪು ಜನರ ಹೋರಾಟ, ಮಾರ್ಟಿನ್ ಲೂಥರ್ ಕಿಂಗ್ ಅವರ ಬಲಿ. ಬಾಗಿಲು ತೆರೆದುಕೊಟ್ಟವರೇ ಹೊರಗುಳಿದಿರುವಾಗ ಒಳಗೆ ಹೋದವರಿಗೆ ಯಾವ ಹೊಣೆಯೂ ಇಲ್ಲವೇ?

ಇಸ್ಲಾಮೀ ಚರಿತ್ರೆಯಲ್ಲಿ ಹಿಜ್ರತ್‌ಗೆ ದೊಡ್ಡ ಸ್ಥಾನವಿದೆ. ಪಂಚಾಂಗವೇ ಅಲ್ಲಿಂದ ಶುರುವಾಗುತ್ತದೆ. ಆದರೆ ಮದೀನಾದ ಕಥೆ ಮಕ್ಕಾದಿಂದ ಹೊರಟವರ ಕಥೆ ಮಾತ್ರವಲ್ಲ. ಬಂದವರನ್ನು ಅಲ್ಲಿದ್ದ ಅನ್ಸಾರರು ಸೋದರರೆಂದು ಸ್ವೀಕರಿಸಿ ಮನೆ, ತೋಟ ಹಂಚಿಕೊಂಡದ್ದು ಅದರ ಇನ್ನೊಂದು ಅರ್ಧ. ನೆರೆಯವನ ಹಕ್ಕನ್ನು ಹಕ್ಕುಲ್ ಇಬಾದ್‌ನಲ್ಲಿ, ಎಂದರೆ ಮನುಷ್ಯರು ಮನುಷ್ಯರಿಗೆ ಸಲ್ಲಿಸಬೇಕಾದ ಋಣಗಳಲ್ಲಿ, ಎಣಿಸುವುದು ಇದೇ ಪರಂಪರೆ. ಒಳ್ಳೆಯ ಶಾಲೆಗಾಗಿ ಮನೆ ಬದಲಿಸಿದವನು ಆ ಋಣ ತೀರಿಸುವ ದಾರಿಗಳು ಇಲ್ಲದಿಲ್ಲ. ಅವನಿಗೆ ಮತವಿದೆ, ಶಾಲಾ ಮಂಡಳಿಯ ಸಭೆಯಲ್ಲಿ ದನಿಯಿದೆ. ಹೊರಗಿನ ಮಕ್ಕಳಿಗೆ ಬಾಗಿಲು ತೆರೆಯಬೇಕೇ ಎಂಬ ಪ್ರಶ್ನೆ ಬಂದಾಗ ಅವನು ಎತ್ತುವ ಕೈ ಯಾವುದೆಂಬುದು ಮುಖ್ಯ. ತಾನು ದಾಟಿ ಬಂದ ಮೇಲೆ ಹಿಂದಿನ ಸೇತುವೆಯನ್ನು ಕೀಳುವವರ ಗುಂಪಿಗೆ ಸೇರುವುದು ಮಾತ್ರ ಅವನಿಗೆ ಭೂಷಣವಲ್ಲ.

1941ರ ಆ ಗೋಡೆ ಇಂದಿಗೂ ಎಂಟು ಮೈಲಿ ರಸ್ತೆಯ ಹತ್ತಿರ ನಿಂತಿದೆ. 2006ರಲ್ಲಿ ಅಲ್ಲಿನ ನಿವಾಸಿಗಳೂ ಕಲಾವಿದರೂ ಸೇರಿ ಅದರ ಒಂದು ಭಾಗಕ್ಕೆ ಬಣ್ಣದ ಚಿತ್ರಗಳನ್ನು ಬರೆದರು. ಗೋಡೆಯ ಎರಡೂ ಬದಿಯಲ್ಲಿ ಈಗ ಇರುವುದು ಕಪ್ಪು ಕುಟುಂಬಗಳೇ. ಯಾರ ಮನೆಗಳ ಬೆಲೆ ಕಾಯಲು ಅದನ್ನು ಕಟ್ಟಲಾಯಿತೋ ಅವರು ಎಂದೋ ಮಾರಿ ಆಚೆ ಹೋದರು. ಈಚೆಯ ಮಕ್ಕಳು ಅದರ ಪಕ್ಕದ ಮೈದಾನದಲ್ಲಿ ಆಡುತ್ತಾರೆ.